ಹಿಡೆಕೊ ಮಾಯೆಹಾತ

ಹಿಡೆಕೊ ಮಾಯೆಹಾತ (20 ಮೇ 1914 – 24 ಫೆಬ್ರುವರಿ 1995) ಜಪಾನಿನ ಖ್ಯಾತ ಈಜುಗಾರ್ತಿ. 1936ರ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಮಹಿಳೆಯರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಯನ್ನು ಗೆದ್ದ ಇವರು, ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಪಡೆದ ಜಪಾನಿನ ಮೊದಲ ಮಹಿಳೆ. ಆ ಸ್ಪರ್ಧೆಯ ರೇಡಿಯೊ ನೇರಪ್ರಸಾರವನ್ನು ಜಪಾನಿನ ಜನರು ನಡುರಾತ್ರಿ ಎಚ್ಚರವಿದ್ದು ಆಲಿಸಿದರು. ಜಪಾನಿನ ಕ್ರೀಡಾ ಪ್ರಸಾರದ ಇತಿಹಾಸದಲ್ಲಿ ಅದು ಪ್ರಮುಖ ಘಟನೆಯಾಗಿದೆ. ವಿವಾಹದ ನಂತರ ಇವರು ಹಿಡೆಕೊ ಹ್ಯೊಡೊ ಎಂಬ ಹೆಸರಿನಿಂದಲೂ ಪರಿಚಿತರಾಗಿದ್ದರು.

ಬಾಲ್ಯ ಮತ್ತು ಶಿಕ್ಷಣ

ಮಾಯೆಹಾತ ಅವರು ಜಪಾನಿನ ವಾಕಯಾಮ ಪ್ರಾಂತ್ಯದ ಹಶಿಮೊಟೊ ಎಂಬ ಊರಿನಲ್ಲಿ ಜನಿಸಿದರು. ಇವರ ಕುಟುಂಬವು ಸೋಯಾ ಅವರೆಯಿಂದ ತೋಫು ತಯಾರಿಸಿ ಮಾರುವ ವೃತ್ತಿಯನ್ನು ನಡೆಸುತ್ತಿತ್ತು. ಊರಿನ ಪಕ್ಕದಲ್ಲಿ ಹರಿಯುವ ಕಿ ನದಿಯೇ ಇವರ ಮೊದಲ ಈಜುಕೊಳ. ಪ್ರಾಥಮಿಕ ಶಾಲೆಯ ದಿನಗಳಲ್ಲಿಯೇ ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ಇವರು ತೋರಿದ ವೇಗವು ಶಿಕ್ಷಕರ ಗಮನವನ್ನು ಸೆಳೆಯಿತು. ಎದೆಯನ್ನು ನೀರಿನ ಕಡೆಗೆ ಇಟ್ಟು, ಎರಡೂ ಕೈಗಳನ್ನು ಏಕಕಾಲಕ್ಕೆ ಮುಂದೆ ಚಾಚಿ ಬದಿಗೆ ಸರಿಸುತ್ತ, ಕಾಲುಗಳನ್ನು ಕಪ್ಪೆಯಂತೆ ಒದೆಯುತ್ತ ಸಾಗುವುದು ಈ ಶೈಲಿಯ ಲಕ್ಷಣ.

1929ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ನಡೆದ ಅಂತಾರಾಷ್ಟ್ರೀಯ ಮಹಿಳಾ ಕೂಟದಲ್ಲಿ, ತಮ್ಮ 15ನೆಯ ವಯಸ್ಸಿನಲ್ಲಿ, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಯನ್ನು ಗೆದ್ದರು. ಮುಂದೆ ನಗೊಯಾ ನಗರದ ಸುಗಿಯಾಮ ಬಾಲಕಿಯರ ವಿದ್ಯಾಲಯವನ್ನು ಸೇರಿ, ಅಲ್ಲಿ ವಿದ್ಯಾಭ್ಯಾಸದ ಜೊತೆಗೆ ಈಜಿನ ತರಬೇತಿಯನ್ನು ಮುಂದುವರಿಸಿದರು. 1931ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಾಯಿ ಮತ್ತು ತಂದೆ ಇಬ್ಬರೂ ತೀರಿಕೊಂಡರು. ಈ ಆಘಾತದ ನಡುವೆಯೂ ವಿದ್ಯಾಲಯದ ನೆರವಿನಿಂದ ಇವರ ಅಭ್ಯಾಸ ನಿಲ್ಲಲಿಲ್ಲ.

ಲಾಸ್ ಏಂಜಲೀಸ್ ಒಲಿಂಪಿಕ್ಸ್ (1932)

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸ್ಪರ್ಧೆಯಲ್ಲಿ ಆಸ್ಟ್ರೇಲಿಯದ ಕ್ಲೇರ್ ಡೆನಿಸ್ 3 ನಿಮಿಷ 6.3 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಪಡೆದರು. ಮಾಯೆಹಾತ ತೆಗೆದುಕೊಂಡ ಸಮಯ 3 ನಿಮಿಷ 6.4 ಸೆಕೆಂಡು. ಸೆಕೆಂಡಿನ ಹತ್ತನೆಯ ಒಂದು ಭಾಗದ ಅಂತರದಲ್ಲಿ ಚಿನ್ನ ಕೈತಪ್ಪಿ, ಬೆಳ್ಳಿಯ ಪದಕ ದೊರೆಯಿತು.

ಆ ಕೂಟದ ಸ್ಪರ್ಧೆಗಳನ್ನು ನೇರವಾಗಿ ಪ್ರಸಾರ ಮಾಡಲು ಜಪಾನಿನ ಬಾನುಲಿಗೆ ಅವಕಾಶ ದೊರೆಯಲಿಲ್ಲ. ಹಾಗಾಗಿ ವಿವರಣೆಗಾರರು ಕ್ರೀಡಾಂಗಣದಲ್ಲಿ ಸ್ಪರ್ಧೆಯನ್ನು ನೋಡಿ ಬಂದು, ಅದು ಕಣ್ಣೆದುರೇ ನಡೆಯುತ್ತಿರುವಂತೆ ಸ್ಟುಡಿಯೊದಿಂದ ವರ್ಣಿಸುತ್ತಿದ್ದರು. ಈ ಪ್ರಸಾರಗಳ ಮೂಲಕ ಈಜು ಸ್ಪರ್ಧೆಗಳನ್ನು ಆಸಕ್ತಿಯಿಂದ ಅನುಸರಿಸುವ ದೊಡ್ಡ ಶ್ರೋತೃವರ್ಗವೊಂದು ಜಪಾನಿನಲ್ಲಿ ಬೆಳೆಯಿತು. ಪುರುಷರ ವಿಭಾಗದಲ್ಲಿ ಜಪಾನಿನ ಈಜುಗಾರರು ಆ ಕೂಟದಲ್ಲಿ ಹಲವು ಚಿನ್ನದ ಪದಕಗಳನ್ನು ಗೆದ್ದದ್ದೂ ಇದಕ್ಕೆ ಕಾರಣವಾಗಿತ್ತು.

ಬೆಳ್ಳಿಯ ಪದಕದೊಂದಿಗೆ ಈಜಿನಿಂದ ನಿವೃತ್ತರಾಗುವ ಆಲೋಚನೆ ಮಾಯೆಹಾತ ಅವರಿಗಿತ್ತು. ಆದರೆ ತಾಯ್ನಾಡಿನಲ್ಲಿ ಅಭಿನಂದನೆಯ ಜೊತೆಗೆ ನಿರಾಶೆಯೂ ಕೇಳಿಬಂದಿತು. ಟೋಕಿಯೊ ನಗರದ ಮೇಯರ್ ಹಿಡೆಜಿರೊ ನಗಾತ ಅವರು ಚಿನ್ನ ತಪ್ಪಿದ್ದಕ್ಕೆ ತಮ್ಮ ವಿಷಾದವನ್ನು ನೇರವಾಗಿ ತಿಳಿಸಿ, ಮುಂದಿನ ಒಲಿಂಪಿಕ್ಸ್‌ಗೆ ಸಿದ್ಧರಾಗುವಂತೆ ಒತ್ತಾಯಿಸಿದರು. ಕೊನೆಗೆ ಇನ್ನೂ ನಾಲ್ಕು ವರ್ಷ ಈಜಲು ಮಾಯೆಹಾತ ನಿರ್ಧರಿಸಿದರು. 1933ರ ಸೆಪ್ಟೆಂಬರ್‌ನಲ್ಲಿ 200 ಮೀಟರ್ ದೂರವನ್ನು 3 ನಿಮಿಷ 0.4 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವದಾಖಲೆ ನಿರ್ಮಿಸಿದರು. ಇದರಿಂದ ಜನರ ನಿರೀಕ್ಷೆ ಮತ್ತಷ್ಟು ಹೆಚ್ಚಿತು.

ಬರ್ಲಿನ್ ಒಲಿಂಪಿಕ್ಸ್ (1936)

ಬರ್ಲಿನ್ ಕೂಟ ಆರಂಭವಾಗುವ ಮುನ್ನಾದಿನ, ಅಂದರೆ 1936ರ ಜುಲೈ 31ರಂದು, 1940ರ ಒಲಿಂಪಿಕ್ಸ್ ನಡೆಸುವ ಅವಕಾಶವನ್ನು ಟೋಕಿಯೊ ನಗರಕ್ಕೆ ನೀಡಲಾಯಿತು. ಇದರಿಂದ ಜಪಾನಿನಲ್ಲಿ ಕ್ರೀಡಾಕೂಟದ ಬಗೆಗಿನ ಕುತೂಹಲ ಇಮ್ಮಡಿಸಿತ್ತು. ಅಭಿಮಾನಿಗಳು ಕಳುಹಿಸಿದ ತಂತಿ ಸಂದೇಶಗಳು ಬರ್ಲಿನ್‌ನಲ್ಲಿದ್ದ ಮಾಯೆಹಾತ ಅವರ ಕೈಸೇರುತ್ತಿದ್ದವು. ಅವು ಧೈರ್ಯ ತುಂಬುವುದರ ಜೊತೆಗೆ, ಸೋಲಬಾರದೆಂಬ ಒತ್ತಡವನ್ನೂ ಹೇರುತ್ತಿದ್ದವು.

ಆಗಸ್ಟ್ 11ರಂದು ನಡೆದ ಅಂತಿಮ ಸ್ಪರ್ಧೆಯಲ್ಲಿ ಇವರ ಮುಖ್ಯ ಪ್ರತಿಸ್ಪರ್ಧಿ ಆತಿಥೇಯ ಜರ್ಮನಿಯ ಮಾರ್ಥಾ ಗೆನೆಂಗರ್. ಈಜುಕೊಳದ ಸುತ್ತ ನೆರೆದಿದ್ದ ಪ್ರೇಕ್ಷಕರಲ್ಲಿ ಹೆಚ್ಚಿನವರ ಬೆಂಬಲ ಗೆನೆಂಗರ್ ಅವರಿಗಿತ್ತು. ಮಾಯೆಹಾತ ಅವರ ಬೆಂಬಲಿಗರಲ್ಲಿ ಬಹುಪಾಲು ಜನರು ಸಾವಿರಾರು ಕಿಲೋಮೀಟರ್ ದೂರದಲ್ಲಿ ರೇಡಿಯೊ ಮುಂದೆ ಕುಳಿತಿದ್ದರು. ಬರ್ಲಿನ್‌ನಲ್ಲಿ ಮಧ್ಯಾಹ್ನವಾಗಿದ್ದಾಗ ಜಪಾನಿನಲ್ಲಿ ನಡುರಾತ್ರಿಯಾಗಿತ್ತು. ಪ್ರಸಾರದ ನಿಗದಿತ ಅವಧಿ ಮುಗಿಯುವ ಹೊತ್ತು ಸಮೀಪಿಸಿದ್ದರಿಂದ, ವಿವರಣೆಗಾರ ಸಾನ್ಸೆಯಿ ಕಾಸಾಯಿ ಅವರು ರೇಡಿಯೊ ಆರಿಸದಿರುವಂತೆ ಕೇಳುಗರನ್ನು ವಿನಂತಿಸಿಕೊಂಡರು.

ಸ್ಪರ್ಧೆಯ ಕೊನೆಯ ಭಾಗದಲ್ಲಿ ಗೆನೆಂಗರ್ ಹತ್ತಿರ ಬರುತ್ತಿದ್ದಂತೆ ಕಾಸಾಯಿ ಅವರು ವಿವರಣೆಯನ್ನು ಬಿಟ್ಟು ಹುರಿದುಂಬಿಸತೊಡಗಿದರು. ಬಿಡದೆ ಪ್ರಯತ್ನಿಸು ಎಂಬ ಅರ್ಥ ಕೊಡುವ ಗಂಬರೆ ಎಂಬ ಜಪಾನೀ ಪದವನ್ನು ಮಾಯೆಹಾತ ಅವರ ಹೆಸರಿನೊಂದಿಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಕೂಗಿದರು. ಮಾಯೆಹಾತ 3 ನಿಮಿಷ 3.6 ಸೆಕೆಂಡುಗಳಲ್ಲಿ ಗುರಿ ತಲುಪಿದರು. ಗೆನೆಂಗರ್ 3 ನಿಮಿಷ 4.2 ಸೆಕೆಂಡುಗಳೊಂದಿಗೆ ಎರಡನೆಯ ಸ್ಥಾನವನ್ನೂ, 12 ವರ್ಷದ ಡೆನ್ಮಾರ್ಕ್ ಬಾಲಕಿ ಇಂಗೆ ಸೋರೆನ್ಸೆನ್ ಮೂರನೆಯ ಸ್ಥಾನವನ್ನೂ ಪಡೆದರು. ಗೆಲುವಿನ ನಂತರ ಕಾಸಾಯಿ ಅವರು ಗೆದ್ದರೆಂಬ ಮಾತನ್ನೇ ಮತ್ತೆ ಮತ್ತೆ ಹೇಳಿದರು.

ಈ ಪ್ರಸಾರದ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಸ್ಪರ್ಧೆಯ ಸ್ಥಿತಿಗತಿಯನ್ನು ತಿಳಿಸಬೇಕಾದ ವಿವರಣೆಗಾರರು ಸ್ವತಃ ಅಭಿಮಾನಿಯಾಗಿ ಬದಲಾದರೆಂಬ ಟೀಕೆ ಒಂದು. ಕಣ್ಣಿಗೆ ಕಾಣದ ಸ್ಪರ್ಧೆಯ ಉದ್ವೇಗವನ್ನು ಕೇಳುಗರಿಗೆ ಯಥಾವತ್ತಾಗಿ ಮುಟ್ಟಿಸಿದರೆಂಬ ಮೆಚ್ಚುಗೆ ಇನ್ನೊಂದು. ಪ್ರಸಾರದ ಧ್ವನಿಮುದ್ರಣವು ಗ್ರಾಮಫೋನ್ ತಟ್ಟೆಯ ರೂಪದಲ್ಲಿಯೂ ಹೊರಬಂದಿತು.

ನಂತರದ ಜೀವನ

1937ರಲ್ಲಿ ವೈದ್ಯರಾದ ಮಸಾಹಿಕೊ ಹ್ಯೊಡೊ ಅವರನ್ನು ವಿವಾಹವಾಗಿ ಸ್ಪರ್ಧಾತ್ಮಕ ಈಜಿನಿಂದ ದೂರ ಸರಿದರು. ಯುದ್ಧದ ಕಾರಣದಿಂದ ಜಪಾನ್ 1938ರಲ್ಲಿ ಆತಿಥ್ಯವನ್ನು ಕೈಬಿಟ್ಟಿತು. 1940ರ ಕೂಟ ನಡೆಯಲೇ ಇಲ್ಲ. ಮುಂದಿನ ದಶಕಗಳಲ್ಲಿ ಮಾಯೆಹಾತ ನಗೊಯಾದಲ್ಲಿ ಈಜು ತರಬೇತಿಯಲ್ಲಿ ತೊಡಗಿಕೊಂಡರು. ಮಕ್ಕಳಿಗಷ್ಟೇ ಅಲ್ಲದೆ ಗೃಹಿಣಿಯರಿಗೂ ತಾಯಂದಿರಿಗೂ ಈಜು ಕಲಿಸಿ, ಸ್ಪರ್ಧೆಯ ಹಂಗಿಲ್ಲದ ಈಜನ್ನು ಜನಪ್ರಿಯಗೊಳಿಸಿದರು. 1983ರಲ್ಲಿ ಮಿದುಳಿನ ರಕ್ತಸ್ರಾವಕ್ಕೆ ತುತ್ತಾದರೂ ಚೇತರಿಸಿಕೊಂಡು ಮತ್ತೆ ಕೊಳಕ್ಕಿಳಿದರು. 1995ರ ಫೆಬ್ರುವರಿ 24ರಂದು, ತಮ್ಮ 80ನೆಯ ವಯಸ್ಸಿನಲ್ಲಿ ನಿಧನರಾದರು.

ಗೌರವಗಳು ಮತ್ತು ಸ್ಮರಣೆ

1979ರಲ್ಲಿ ಅಂತಾರಾಷ್ಟ್ರೀಯ ಈಜು ಕೀರ್ತಿಭವನಕ್ಕೆ ಇವರ ಹೆಸರು ಸೇರ್ಪಡೆಯಾಯಿತು. 1990ರಲ್ಲಿ ಜಪಾನ್ ಸರ್ಕಾರವು ಸಾಂಸ್ಕೃತಿಕ ಸಾಧಕರಿಗೆ ನೀಡುವ ಗೌರವವನ್ನು ಇವರಿಗೆ ನೀಡಿತು. ಮಾಯೆಹಾತ ನಂತರ ಒಲಿಂಪಿಕ್ ಈಜಿನಲ್ಲಿ ಜಪಾನಿನ ಮಹಿಳೆಯೊಬ್ಬರು ಚಿನ್ನ ಗೆಲ್ಲಲು 36 ವರ್ಷಗಳು ಬೇಕಾದವು. 1972ರ ಮ್ಯೂನಿಕ್ ಕೂಟದಲ್ಲಿ ಮಯುಮಿ ಅವೊಕಿ 100 ಮೀಟರ್ ಬಟರ್‌ಫ್ಲೈ ಸ್ಪರ್ಧೆಯಲ್ಲಿ ಆ ಸಾಧನೆ ಮಾಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಪುರುಷರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಗೆದ್ದ ಮಸಾರು ಫುರುಕಾವ ಅವರೂ ಹಶಿಮೊಟೊದವರೇ. ಒಲಿಂಪಿಕ್ ಕ್ರೀಡೆಗಳ ಇತಿಹಾಸವನ್ನು ಆಧರಿಸಿ 2019ರಲ್ಲಿ ಪ್ರಸಾರವಾದ ಇದಾತೆನ್ ಎಂಬ ಜಪಾನೀ ದೂರದರ್ಶನ ಧಾರಾವಾಹಿಯಲ್ಲಿ ಮಾಯೆಹಾತ ಅವರ ಪಾತ್ರವೂ ಇದೆ.