ಚದುರಂಗದ ವ್ಹೇರಾ ಮೆಂಚಿಕ್

2024ನೆಯ ಇಸವಿಯಲ್ಲಿ ಬುಡಾಪೆಸ್ಟ್ ನಗರದಲ್ಲಿ ಜರುಗಿದ ಚದುರಂಗದ ಒಲಿಂಪಿಯಾಡಿನಲ್ಲಿ ನಮ್ಮ ದೇಶದ ಐವರು ಸ್ತ್ರೀಯರು ಪ್ರಥಮ ಸ್ಥಾನವನ್ನು ಪಡೆದ ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಆ ಸ್ತ್ರೀವಿಭಾಗದ ಪಾರಿತೋಷಕವು ಯಾರ ಹೆಸರಿನದೆಂಬದನ್ನು ಬಲ್ಲವರು ವಿರಳ. ಆ ಹೆಸರಿನವಳ ಬಾಲ್ಯವನ್ನು ವಾಚಕರಿಗೆ ನಿವೇದಿಸಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ವ್ಹೇರಾ ಮೆಂಚಿಕ್ 1906ನೆಯ ಇಸವಿಯ ಫೆಬ್ರುವರಿ 16ರಂದು ಮಾಸ್ಕೋ ನಗರದಲ್ಲಿ ಜನಿಸಿದಳು. ತಂದೆಯು ಬೊಹೆಮಿಯಾ ದೇಶದವನು. ತಾಯಿಯು ಆಂಗ್ಲ ಸ್ತ್ರೀ. ಓಲ್ಗಾ ಎಂಬ ತಂಗಿಯಿದ್ದಳು. ವ್ಹೇರಾಳ ಒಂಬತ್ತನೆಯ ವಯಸ್ಸಿನಲ್ಲಿ ತಂದೆಯು ಚದುರಂಗದ ಮಣೆಯನ್ನೂ ಕಾಯಿಗಳನ್ನೂ ತಂದುಕೊಟ್ಟು ಆಟವನ್ನು ಕಲಿಸಿದನು. ಎರಡು ವರ್ಷಗಳೊಳಗಾಗಿ ರಶಿಯಾದಲ್ಲಿ ರಾಜ್ಯಕ್ರಾಂತಿಯಾಯಿತು. ತಂದೆಯ ಗಿರಣಿಯು ಕೈಬಿಟ್ಟುಹೋಯಿತು. ಇದ್ದ ಮನೆಯನ್ನು ಪರರೊಡನೆ ಹಂಚಿಕೊಳ್ಳಬೇಕಾಯಿತು. ಶಾಲೆಯಲ್ಲಿ ಚಳಿಗೆ ಬೆಂಕಿಯಿಲ್ಲ, ಓದಲಿಕ್ಕೆ ಮಿಣುಕುದೀಪವೇ ಗತಿ. ಇಂಥ ಕಾಲದಲ್ಲಿಯೂ ಶಾಲೆಯೊಳಗೆ ಚದುರಂಗದ ಪಂದ್ಯವು ನಡೆದು, ಹದಿನಾಲ್ಕು ವರ್ಷದ ವ್ಹೇರಾ ಎರಡನೆಯ ಮತ್ತು ಮೂರನೆಯ ಸ್ಥಾನಗಳನ್ನು ಇನ್ನೊಬ್ಬರೊಡನೆ ಹಂಚಿಕೊಂಡಳು. ನಮ್ಮ ಸೀಮೆಯಲ್ಲಿ ಹದಿನಾಲ್ಕನೆಯ ವರ್ಷವೆಂದರೆ ಹುಡುಗಿಯ ಶಾಲೆ ಬಿಡಿಸುವ ಮಾತು ಮನೆಯಲ್ಲಿ ಮೊದಲಾಗುವ ವರ್ಷ. ಪಾಲಕರು ಕ್ಷಮಿಸಬೇಕು, ಬಾಯಿಗೆ ಬಂದ ಮಾತನ್ನು ಬರೆದುಬಿಟ್ಟೆವು.

1921ರಲ್ಲಿ ಸಂಸಾರವು ಒಡೆಯಿತು. ತಂದೆಯು ಸ್ವದೇಶಕ್ಕೆ ಹೊರಟುಹೋದನು. ತಾಯಿಯು ಇಬ್ಬರು ಮಕ್ಕಳನ್ನು ಕರೆದುಕೊಂಡು ಇಂಗ್ಲಂಡದ ಸಮುದ್ರತೀರದ ಹೇಸ್ಟಿಂಗ್ಸ್ ಪಟ್ಟಣದಲ್ಲಿದ್ದ ತನ್ನ ತಾಯಿಯ ಮನೆಯನ್ನು ಸೇರಿದಳು. ವ್ಹೇರಾಳಿಗೆ ರಶಿಯನ್ ಭಾಷೆಯ ಹೊರತು ಮಾತು ಬಾರದು. ಹದಿನೈದು ವರ್ಷದ ಹುಡುಗಿ ಓರಗೆಯವರ ನಡುವೆ ಮೂಕಳಂತೆ ಕುಳಿತಿರುವದು ಎಂಥ ಸಂಕಟವೆಂಬದನ್ನು, ಪರಭಾಷೆಯ ಮನೆಗಳಿಂದ ಬಂದ ಮಕ್ಕಳನ್ನು ಮೊದಲನೆಯ ದಿವಸ ವರ್ಗದಲ್ಲಿ ಕೂಡ್ರಿಸಿದ ನಾವು ಚೆನ್ನಾಗಿ ಬಲ್ಲೆವು. ಚದುರಂಗಕ್ಕೆ ಮಾತು ಬೇಡ. 1923ರ ಮಾರ್ಚದಲ್ಲಿ ಆಕೆಯು ಹೇಸ್ಟಿಂಗ್ಸದ ಚದುರಂಗ ಮಂಡಳಿಯನ್ನು ಸೇರಿದಳು. ಬುದ್ಧಿಬಲವೆಂದು ನಮ್ಮ ಹಿರಿಯರು ಕರೆಯುವ ಈ ಆಟಕ್ಕೆ ಚಡಚಣದ ಕಡೆಯಲ್ಲಿ ಹೆಣ್ಣುಮಕ್ಕಳನ್ನು ಕೂಡ್ರಿಸುವ ರೂಢಿಯಿರಲಿಲ್ಲ. ಅಲ್ಲಿಯೂ ಅದು ಬಹುಮಟ್ಟಿಗೆ ಗಂಡಸರ ಕೂಟವೇ. ಮೊದಲು ಡ್ರೂಯಿಟ್ ಎಂಬವರೂ, ಬಳಿಕ ಹಂಗೇರಿಯ ಪ್ರಸಿದ್ಧ ಆಟಗಾರ ಗೇಜಾ ಮಾರೋತ್ಸಿಯವರೂ ಆಕೆಗೆ ಪಾಠ ಹೇಳಿದರು.

ಪಂದ್ಯಗಳಲ್ಲಿ ಆಕೆಯ ಏಳಿಗೆಯು ತೀವ್ರವಾಯಿತು. 1925ರಲ್ಲಿ ಆಂಗ್ಲ ಸ್ತ್ರೀಯರಲ್ಲಿ ಅಗ್ರಗಣ್ಯಳಾದ ಈಡಿತ್ ಪ್ರೈಸಳನ್ನು ಎರಡು ಸಾರೆ ಸೋಲಿಸಿದಳು. ಎರಡೂ ಸಾರೆ ಅಂತರವು ಒಂದೇ ಅಂಕ. 1926ರ ಜನವರಿಯಲ್ಲಿ ಬ್ರಿಟಿಶ್ ಬಾಲಿಕೆಯರ ಮೊದಲನೆಯ ಸ್ಪರ್ಧೆಯನ್ನು ಗೆದ್ದಳು. ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. 1927ರಲ್ಲಿ ಸ್ತ್ರೀಯರ ಪ್ರಥಮ ಜಾಗತಿಕ ಸ್ಪರ್ಧೆಯು ಲಂಡನ್ನಿನಲ್ಲಿ ಕೂಡಿತು. ಹನ್ನೊಂದು ಆಟಗಳಲ್ಲಿ ಹತ್ತನ್ನು ಗೆದ್ದು, ಒಂದನ್ನು ಸರಿಸಮ ಮಾಡಿಕೊಂಡು ವ್ಹೇರಾ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಜಗಜ್ಜೇತೆಯಾದಳು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವದು 1929ರ ಕಾರ್ಲ್ಸ್‌ಬಾಡ್ ಪಂದ್ಯ. ಗಂಡಸರ ಆ ಸಭೆಯಲ್ಲಿ ಆಕೆಯೊಬ್ಬಳೇ ಸ್ತ್ರೀ. ಆಕೆಗೆ ಸೋಲುವವರನ್ನೆಲ್ಲ ವ್ಹೇರಾ ಮೆಂಚಿಕ್ ಮಂಡಳಿಯ ಸದಸ್ಯರನ್ನಾಗಿ ಮಾಡಬೇಕೆಂದು ಬೆಕರ್ ಎಂಬ ಆಟಗಾರನು ವಿನೋದ ಮಾಡಿದನು. ಮೊದಲನೆಯ ಸದಸ್ಯನು ಅವನೇ ಆದನು. ಹಾಗೆಂದು ಪೂರ್ತಿ ಸಂಗತಿಯನ್ನು ಮುಚ್ಚಿಡುವದು ನ್ಯಾಯವಲ್ಲ. ಇಪ್ಪತ್ತೊಂದು ಆಟಗಳಲ್ಲಿ ಹದಿನೇಳನ್ನು ಸೋತು ಆಕೆಯು ಕಟ್ಟಕಡೆಯ ಸ್ಥಾನಕ್ಕೆ ಬಂದಳು. ಹಾಗಿದ್ದೂ ಗಂಡಸರೊಡನೆ ಆಡುವದನ್ನು ನಿಲ್ಲಿಸಲಿಲ್ಲ. ಕೆಲವು ವರ್ಷಗಳಲ್ಲಿಯೇ, ಮುಂದೆ ಜಗಜ್ಜೇತನಾದ ಆಯ್ವನನ್ನೂ, ನಮ್ಮ ಪಂಜಾಬದ ಸುಲ್ತಾನಖಾನನನ್ನೂ ಹೇಸ್ಟಿಂಗ್ಸದಲ್ಲಿ ಸೋಲಿಸಿದಳು. ಸುಲ್ತಾನಖಾನನು ಆಶ್ರಯ ಪಡೆದಿದ್ದ ಸರದಾರನ ಮನೆಯಲ್ಲಿಯೇ ಸೇವಕಿಯಾಗಿದ್ದ ಫಾತಿಮಾ ಎಂಬ ತರುಣಿಯು 1933ರಲ್ಲಿ ಅದೇ ಪಟ್ಟಣದಲ್ಲಿ ಬ್ರಿಟಿಶ್ ಸ್ತ್ರೀಯರ ಸ್ಪರ್ಧೆಯನ್ನು ಗೆದ್ದಳೆಂಬದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಜಾಗತಿಕ ಪದವಿಯು ವ್ಹೇರಾಳ ಕೈಯಿಂದ ಕೊನೆಯವರೆಗೂ ತಪ್ಪಲಿಲ್ಲ. 1937ರಲ್ಲಿ ಮದುವೆಯಾದಳು, 1943ರಲ್ಲಿ ಪತಿಯು ತೀರಿಕೊಂಡನು. 1944ನೆಯ ಇಸವಿಯ ಜೂನ್ 26ರ ರಾತ್ರಿ ಲಂಡನ್ನಿನ ಕ್ಲಾಪಮ್ ಭಾಗದಲ್ಲಿದ್ದ ಆಕೆಯ ಮನೆಯ ಮೇಲೆ ಜರ್ಮನರ ಹಾರುವ ಬಾಂಬು ಬಿದ್ದಿತು. ವ್ಹೇರಾ, ಓಲ್ಗಾ ಮತ್ತು ಅವರ ತಾಯಿ, ಮೂವರೂ ಜೊತೆಯಲ್ಲಿಯೇ ಮಡಿದರು.