ಬೇರೆಯವರ ಹಾಡು ಹಿಡಿದು ಕೂತ ಬಾಖ್

ಕೀರ್ತನೆ 51ಕ್ಕೆ ಹೋಗೋ ಮೊದಲು ಒಬ್ಬ ಸಂಗೀತಗಾರರ ಜೀವನ ಸ್ವಲ್ಪ ನೋಡೋಣ. ಯೋಹಾನ್ ಸೆಬಾಸ್ಟಿಯನ್ ಬಾಖ್. ಹೆಸರು ಕೇಳಿರ್ತೀರಿ.

1685ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಹುಟ್ಟಿದರು. ಹತ್ತು ತುಂಬೋದ್ರೊಳಗೆ ತಾಯಿ ತಂದೆ ಇಬ್ಬರೂ ಇಲ್ಲ. ಅಣ್ಣನ ಮನೆಯಲ್ಲಿ ಬೆಳೆದರು. ಅಣ್ಣ ಬೀರುವಿನಲ್ಲಿಟ್ಟಿದ್ದ ಸಂಗೀತದ ಪುಸ್ತಕವನ್ನು ಹುಡುಗ ಕದ್ದುಮುಚ್ಚಿ ಬೆಳದಿಂಗಳಲ್ಲಿ ಆರು ತಿಂಗಳು ನಕಲು ಮಾಡಿದ ಅಂತ ಅವರ ಮರಣದ ನಂತರ ಮನೆಯವರೇ ಬರೆಸಿದ್ದಾರೆ. ಅಣ್ಣ ಅದನ್ನೂ ಕಿತ್ತುಕೊಂಡನಂತೆ. ನಕಲು ಹೋಯ್ತು, ಅಭ್ಯಾಸ ಹೋಗಲಿಲ್ಲ.

1723ರಿಂದ ಲೈಪ್‌ಜಿಗ್‌ನ ಸಭೆಗಳಿಗೆ ಅವರೇ ಸಂಗೀತದ ಹೊಣೆ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕೃತಿ! ಅಂಥವರು ಅರವತ್ತರ ಹತ್ತಿರ ಬಂದಾಗ ಮಾಡಿದ್ದೇನು? ಬೇರೆಯವರ ಹಾಡು ಹಿಡಿದು ಕೂತರು. ಸುಮಾರು 150 ವರ್ಷ ಹಿಂದೆ ತೀರಿಹೋಗಿದ್ದ ಇಟಲಿಯ ಪಾಲೆಸ್ತ್ರೀನಾ ಬರೀ ಕಂಠಗಳಿಗೆ ಬರೆದ ಆರಾಧನಾ ಸಂಗೀತಕ್ಕೆ ವಾದ್ಯಗಳನ್ನು ಸೇರಿಸಿ ಹಾಡಿಸಿದರು.

ಆಮೇಲೆ ಪೆರ್ಗೊಲೇಸಿ. 1710ರಲ್ಲಿ ಹುಟ್ಟಿದವನು, ಬಾಖ್ ಅವರ ಹಿರಿಯ ಮಗನ ವಯಸ್ಸು. 26ಕ್ಕೇ ತೀರಿಕೊಂಡ. ಶಿಲುಬೆಯ ಬಳಿ ನಿಂತ ಮರಿಯಳ ದುಃಖದ ಬಗ್ಗೆ ಅವನು ಲಾಟಿನ್‌ನಲ್ಲಿ ಮಾಡಿದ್ದ ಹಾಡನ್ನು ಬಾಖ್ ತಮ್ಮ ಜನರಿಗಾಗಿ ತಂದರು. ರಾಗ ಅವನದೇ, ಮಾತು ಮಾತ್ರ ಬೇರೆ: ನಾತಾನ ಪ್ರವಾದಿ ಬಂದು ಹೋದ ಮೇಲೆ ದಾವೀದ ಅತ್ತು ಮಾಡಿದ ಪ್ರಾರ್ಥನೆ, ಈ 51ನೇ ಕೀರ್ತನೆಯೇ, ಜರ್ಮನ್ ಪದ್ಯದಲ್ಲಿ.

ವರ್ಶಿಪ್ ಟೀಮಿನವರು ಇಲ್ಲಿ ಗಮನಿಸಿ. ಮೂಲದಲ್ಲಿ ವಿಯೋಲಾ ಬಹಳ ಕಡೆ ಬೇಸ್ ನುಡಿಸಿದ್ದನ್ನೇ ನುಡಿಸುತ್ತೆ. ಇದ್ದರೂ ಇಲ್ಲದ ಹಾಗೆ. ಬಾಖ್ ಅದಕ್ಕೆ ಸ್ವಂತ ದಾರಿ ಬರೆದುಕೊಟ್ಟರು. ಯಾರೂ ಕಿವಿಗೊಡದ ವಾದ್ಯಕ್ಕೆ ಅಷ್ಟು ಕಷ್ಟಪಟ್ಟರಲ್ಲ, ನನಗೆ ಅದೇ ಇಷ್ಟ. ಕೊನೆಯ ಆಮೆನ್ ಮೈನರ್‌ನಲ್ಲಿ ಮುಗಿದ ಮೇಲೆ ಅದನ್ನೇ ಇನ್ನೊಮ್ಮೆ ಮೇಜರ್‌ನಲ್ಲಿ ಹಾಡಿಸಿದರು. ಪಶ್ಚಾತ್ತಾಪ ಪಟ್ಟವನಿಗೆ ಕ್ಷಮೆ ಸಿಕ್ಕ ಹಾಗೆ ಕೇಳಿಸುತ್ತೆ. ಮನೆಗೆ ಹೋಗಿ ಕೇಳಿ ನೋಡಿ.

ಸ್ವಂತ ಹಾಡಿದ್ದರೆ ಮಾತ್ರ ಸ್ಟೇಜ್ ಹತ್ತುತ್ತೇನೆ ಅನ್ನೋರು ನಮ್ಮಲ್ಲೂ ಇದ್ದಾರೆ. ಬಾಖ್‌ಗೆ ಆ ಅವಮಾನ ಅನಿಸಲೇ ಇಲ್ಲ.

ಕೊನೆಯ ವರ್ಷಗಳಲ್ಲಿ, ಕಣ್ಣು ಮಂಜಾಗ್ತಿದ್ದಾಗ, ಬಿ ಮೈನರ್ ಮಾಸ್ ಅನ್ನು ಪೂರ್ತಿ ಮಾಡಿದರು. ಅದರಲ್ಲಿ ವಿಶ್ವಾಸಪ್ರಮಾಣ ಶುರುವಾಗುವ ಜಾಗ ಕೇಳಿ. ಒಂದು ಕಂಠದ ಹಿಂದೆ ಇನ್ನೊಂದು ನಿಧಾನವಾಗಿ ಸೇರಿಕೊಳ್ಳುತ್ತೆ, ಪಾಲೆಸ್ತ್ರೀನಾನ ಕಾಲದ ರೀತಿಯಲ್ಲೇ. 1750ರ ಜುಲೈ 28ರಂದು ಕರ್ತನ ಬಳಿ ಸೇರಿದರು.

ಈಗ ಬೈಬಲ್ ತೆರೆಯಿರಿ, ಕೀರ್ತನೆ 51.