ಬೆಳ್ಳೂರಿನ ರೋಗಿಷ್ಟ ಹುಡುಗ ಜಗತ್ತಿಗೆ ಯೋಗ ಕಲಿಸಿದ ಕಥೆ

ಕೋಲಾರ: ಬಿ.ಕೆ.ಎಸ್. ಅಯ್ಯಂಗಾರ್ ಅಂದರೆ ಲಂಡನ್, ನ್ಯೂಯಾರ್ಕ್‌ನ ಯೋಗ ಶಾಲೆಗಳಲ್ಲೂ ಗೊತ್ತು. ಆದರೆ ಆ ಹೆಸರಿನ ಮೊದಲಕ್ಷರ 'ಬಿ' ನರಸಾಪುರದ ಹತ್ತಿರದ ಬೆಳ್ಳೂರು ಅನ್ನೋದು ಜಿಲ್ಲೆಯಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಪೂರ್ತಿ ಹೆಸರು ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್.

ಹುಟ್ಟಿದ್ದು 1918ರ ಡಿಸೆಂಬರ್ 14ರಂದು. ಆಗ ದೇಶಕ್ಕೆಲ್ಲ ಇನ್‌ಫ್ಲುಯೆಂಜಾ ಜ್ವರ ಹಬ್ಬಿತ್ತು. ಗರ್ಭಿಣಿಯಾಗಿದ್ದ ತಾಯಿ ಶೇಷಮ್ಮನವರಿಗೂ ಅದು ತಗುಲಿತ್ತು. ತಂದೆ ಕೃಷ್ಣಮಾಚಾರ್ ಶಾಲಾ ಮೇಷ್ಟ್ರು. ಹದಿಮೂರು ಮಕ್ಕಳಲ್ಲಿ ಸುಂದರರಾಜ ಹನ್ನೊಂದನೆಯವ. ಹುಟ್ಟಿನಿಂದಲೇ ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ, ಭಾರವಾದ ತಲೆ. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಬಂದು ಕಾಡಿದವು. ಐದು ವರ್ಷದವನಿದ್ದಾಗ ಕುಟುಂಬ ಬೆಂಗಳೂರು ಸೇರಿತು. ಒಂಬತ್ತನೇ ವಯಸ್ಸಿಗೆ ತಂದೆ ತೀರಿಕೊಂಡರು.

ಮೈಸೂರಿಗೆ ಕರೆದ ಭಾವ

1934ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಅವರು ಮಹಾರಾಜರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಭಾವನ ಶಿಸ್ತು ಬಹಳ ಕಠಿಣ. ಶುರುವಿನಲ್ಲಿ ಈ ಬಡಕಲು ಹುಡುಗನ ಮೇಲೆ ಅವರಿಗೆ ನಂಬಿಕೆಯೂ ಇರಲಿಲ್ಲ. ಬಗ್ಗಿದರೆ ಕೈ ಮೊಣಕಾಲಿನ ಕೆಳಗೆ ಇಳಿಯುತ್ತಿರಲಿಲ್ಲ. ಅಚ್ಚುಮೆಚ್ಚಿನ ಶಿಷ್ಯನೊಬ್ಬ ಇದ್ದಕ್ಕಿದ್ದಂತೆ ಹೊರಟುಹೋದಾಗ ಪ್ರದರ್ಶನಕ್ಕೆ ಬೇರೆಯವರಿಲ್ಲದೆ ಸುಂದರರಾಜನಿಗೆ ಪಾಠ ಶುರುವಾಯಿತು. ಓದು ಮಾತ್ರ ಅರ್ಧಕ್ಕೇ ನಿಂತಿತು. ಮೆಟ್ರಿಕ್ ಪರೀಕ್ಷೆಯಲ್ಲಿ ಇಂಗ್ಲಿಷ್ ಕೈಕೊಟ್ಟಿತು.

ಪುಣೆಯಲ್ಲಿ ಖಾಲಿ ಹೊಟ್ಟೆ

1937ರಲ್ಲಿ ಗುರುಗಳು ಪುಣೆಗೆ ಕಳಿಸಿದಾಗ ವಯಸ್ಸು ಹದಿನೆಂಟು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೇ. ಕಲಿಯಲು ಬರುವವರೆಲ್ಲ ತನಗಿಂತ ದೊಡ್ಡವರು, ಗಟ್ಟಿಮುಟ್ಟಾದವರು. ಅವರಿಗೆ ಹೇಳಿಕೊಡಬೇಕಾದರೆ ಮೊದಲು ತಾನು ಕಲಿಯಬೇಕಿತ್ತು. ಹಾಗಾಗಿ ದಿನಕ್ಕೆ ಹತ್ತು ಗಂಟೆಯವರೆಗೂ ಅಭ್ಯಾಸ. ಟೀ ಕುಡಿದು, ನಲ್ಲಿ ನೀರು ಕುಡಿದು ಕಳೆದ ದಿನಗಳೂ ಇದ್ದವು. 1943ರಲ್ಲಿ ರಮಾಮಣಿ ಅವರೊಂದಿಗೆ ಮದುವೆಯಾಯಿತು. ಪತ್ನಿಯೇ ಅವರ ಮೊದಲ ವಿಮರ್ಶಕರೂ ಆದರು, ಆಸನ ತಿದ್ದುವ ಸಹಾಯಕರೂ ಆದರು.

ವಿದೇಶದ ಬಾಗಿಲು ತೆರೆದದ್ದು 1952ರಲ್ಲಿ. ಹೆಸರಾಂತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬೈಗೆ ಬಂದಿದ್ದರು. ಅಯ್ಯಂಗಾರ್ ಅವರಿಗೆ ಸಿಕ್ಕಿದ್ದು ಐದು ನಿಮಿಷದ ಭೇಟಿಯ ಅವಕಾಶ. ಬಳಲಿ ನಿದ್ದೆಗೆಟ್ಟಿದ್ದ ಮೆನುಹಿನ್ ಶವಾಸನದಲ್ಲೇ ನಿದ್ದೆ ಹೋದರು. ಐದು ನಿಮಿಷ ಗಂಟೆ ದಾಟಿತು. 1954ರಲ್ಲಿ ಅವರೇ ಅಯ್ಯಂಗಾರರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ಯೋಗಿ ಅಂದರೆ ಬೆಂಕಿ ಮೇಲೆ ನಡೆಯುವವ, ಗಾಜು ಅಗಿಯುವವ ಅಂತ ಅಲ್ಲಿನ ಜನ ತಿಳಿದಿದ್ದ ಕಾಲ ಅದು. ಮುಂದೆ 80 ದಾಟಿದ ಬೆಲ್ಜಿಯಂ ರಾಣಿ ಎಲಿಜಬೆತ್ ಅವರಿಂದಲೂ ಶೀರ್ಷಾಸನ ಹಾಕಿಸಿದರು.

1966ರಲ್ಲಿ 'ಲೈಟ್ ಆನ್ ಯೋಗ' ಪುಸ್ತಕ ಬಂತು. ಸುಮಾರು 600 ಫೋಟೊಗಳಲ್ಲಿ ಅವರೇ ಆಸನ ಮಾಡಿ ತೋರಿಸಿದರು. ಇಂಗ್ಲಿಷಿನಲ್ಲಿ ಫೇಲಾದವರ ಇಂಗ್ಲಿಷ್ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು.

ಹಗ್ಗ, ಕುರ್ಚಿ, ಮರದ ಇಟ್ಟಿಗೆ

ಮೈ ಬಗ್ಗದವರು, ವಯಸ್ಸಾದವರು, ಕಾಯಿಲೆಯವರು ಏನು ಮಾಡಬೇಕು? ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳ. ಹಗ್ಗ, ಬೆಲ್ಟು, ಕಂಬಳಿ, ದಿಂಬು, ಮಡಚುವ ಕುರ್ಚಿ, ಮರದ ಇಟ್ಟಿಗೆ. ಇವುಗಳ ಆಸರೆಯಲ್ಲಿ ಯಾರು ಬೇಕಾದರೂ ಆಸನದಲ್ಲಿ ನಿಲ್ಲಬಹುದು. ಸ್ವಂತ ಮೈನೋವು ಕಲಿಸಿದ ಪಾಠ ಇದು. ಪಾಠ ಹೇಳುವಾಗ ಮಾತ್ರ ಅವರು ಸಿಡುಕು. ತಪ್ಪು ಮಾಡಿದವರಿಗೆ ಗದರಿಕೆ ಇರಲಿ, ಏಟೂ ಬೀಳುತ್ತಿತ್ತು. ಅದನ್ನು ಒಪ್ಪದವರು ಆಗಲೂ ಇದ್ದರು.

1973ರಲ್ಲಿ ಪುಣೆಯ ಯೋಗಶಾಲೆಗೆ ಭೂಮಿಪೂಜೆಯಾದ ಕೆಲವೇ ದಿನಕ್ಕೆ ರಮಾಮಣಿ ತೀರಿಹೋದರು. 1975ರಲ್ಲಿ ಶಾಲೆ ಅವರ ಹೆಸರಿನಲ್ಲೇ ಬಾಗಿಲು ತೆರೆಯಿತು. 1979ರಲ್ಲಿ ಎರಡು ಸ್ಕೂಟರ್ ಅಪಘಾತ. 60ರ ಹೊಸ್ತಿಲು ದಾಟಿದವರು ಮಾಮೂಲಿ ಆಸನಗಳನ್ನೂ ಮೊದಲಿನಿಂದ ಕಲಿಯಬೇಕಾಯಿತು. ಕಲಿತರು ಕೂಡ.

ಮರಳಿ ಬೆಳ್ಳೂರಿಗೆ

ಹೆಸರು, ದುಡ್ಡು ಬಂದ ಮೇಲೆ ಅವರು ಹುಟ್ಟೂರು ಮರೆಯಲಿಲ್ಲ. ತಂದೆ ತಾಯಿ ಹೆಸರಿನಲ್ಲಿ ಟ್ರಸ್ಟ್ ಮಾಡಿ ಬೆಳ್ಳೂರಿನಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸಿದರು. ಪತಂಜಲಿಗೆ ದೇವಸ್ಥಾನವೂ ಎದ್ದಿತು. ಕಾಯಿಲೆಯಲ್ಲೇ ಬಾಲ್ಯ ಕಳೆದವರು ಆಸ್ಪತ್ರೆ ಕಟ್ಟಿಸಿದರು. ಮೆಟ್ರಿಕ್ ದಾಟದವರು ಶಾಲೆ ಕಟ್ಟಿಸಿದರು.

ಪದ್ಮಶ್ರೀ, ಪದ್ಮಭೂಷಣದ ನಂತರ 2014ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿ 95ನೇ ವಯಸ್ಸಿಗೆ ತೀರಿಕೊಂಡರು. ಬದುಕುಳಿಯೋದೇ ಕಷ್ಟ ಅನ್ನಿಸಿದ್ದ ಕೂಸು ಹತ್ತಿರ ಹತ್ತಿರ ನೂರು ವರ್ಷ ಬಾಳಿತು. ಈಗಲೂ ಯಾವುದೋ ದೇಶದಲ್ಲಿ ಯಾರೋ ಬಿ.ಕೆ.ಎಸ್. ಅಂದಾಗ, ಗೊತ್ತಿಲ್ಲದೆಯೇ ಬೆಳ್ಳೂರಿನ ಹೆಸರನ್ನೂ ಹೇಳುತ್ತಿರುತ್ತಾರೆ.